ಆಂಧ್ರದ ಗಡಿಯಲ್ಲಿ ಕನ್ನಡ ಪ್ರೌಢಶಾಲೆ: ಲೇಪಾಕ್ಷಿ, ಹಿಂದೂಪುರ, ಕಲ್ಯಾಣದುರ್ಗ ಸೀಮೆಯ ಒಂದು ಚರಿತ್ರೆ

ಶ್ರೀ ಸತ್ಯಸಾಯಿ ಮತ್ತು ಅನಂತಪುರ ಜಿಲ್ಲೆಗಳ ಗಡಿ ಮಂಡಲಗಳಲ್ಲಿ ಕನ್ನಡದಲ್ಲಿ ಪಾಠ ಹೇಳುವ ಸರ್ಕಾರಿ ಪ್ರೌಢಶಾಲೆಗಳಿವೆ; ತೆಲುಗು ಶಾಲೆಯ ಆವರಣದೊಳಗೇ ನಡೆಯುವ ಕನ್ನಡ ವಿಭಾಗಗಳೂ ಇವೆ. ಆಡಳಿತ ಆಂಧ್ರಪ್ರದೇಶದ್ದು, ಪಠ್ಯಕ್ರಮವೂ ಅಲ್ಲಿಯದೇ. ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ತೆಲುಗು, ಇಂಗ್ಲಿಷ್, ಉರ್ದುಗಳ ಜೊತೆಗೆ ಕನ್ನಡದಲ್ಲಿಯೂ ಅಚ್ಚಾಗುತ್ತದೆ. ಈ ವ್ಯವಸ್ಥೆ ಹೇಗೆ ಹುಟ್ಟಿತು, ಯಾವುದರ ಆಧಾರದ ಮೇಲೆ ನಿಂತಿದೆ ಎಂಬುದನ್ನು ಐದನೆಯ ತರಗತಿ ಮುಗಿಸುವ ಮಗುವಿನ ಮನೆಯವರು ತಿಳಿದಿರಬೇಕಾದ ಅಗತ್ಯವಿದೆ. ಏಕೆಂದರೆ ಪ್ರಾಥಮಿಕ ಹಂತದ ಕನ್ನಡಕ್ಕೆ ಸಂವಿಧಾನದ ಒಂದು ವಿಧಿಯ ಬೆಂಬಲವಿದೆ. ಪ್ರೌಢ ಹಂತದ ಕನ್ನಡಕ್ಕೆ ಅಂಥ ವಿಧಿಯಿಲ್ಲ. ಅದು ನಿಂತಿರುವುದು ತಲೆಯೆಣಿಕೆಯ ಮೇಲೆ.

ಈ ನೆಲದಲ್ಲಿ ಕನ್ನಡ ಹೊರಗಿನಿಂದ ಬಂದು ನೆಲೆಸಿದ ಭಾಷೆಯಲ್ಲ. ಇಂದು ಅಮರಾಪುರ ಮಂಡಲದಲ್ಲಿರುವ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅವರ ಶಾಸನಗಳ ಭಾಷೆ ಕನ್ನಡ. ಲೇಪಾಕ್ಷಿಯ ವೀರಭದ್ರ ದೇವಾಲಯವನ್ನು ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ, ಪೆನುಕೊಂಡೆಯ ಅಧಿಕಾರಿಗಳಾಗಿದ್ದ ವಿರೂಪಣ್ಣ ಮತ್ತು ವೀರಣ್ಣ ಸಹೋದರರು ಕಟ್ಟಿಸಿದರು. ಅಲ್ಲಿನ ಗೋಡೆಗಳ ಮೇಲೆ ದಾನದತ್ತಿಗಳ ವಿವರ ಕನ್ನಡ ಅಕ್ಷರಗಳಲ್ಲಿದೆ. ಶಾಲಾ ಪ್ರವಾಸಕ್ಕೆ ಬರುವ ಮಕ್ಕಳು ತೂಗುಕಂಬದ ಕೆಳಗೆ ಬಟ್ಟೆ ತೂರಿಸಿ ನೋಡುತ್ತಾರೆ, ದೊಡ್ಡ ಬಸವಣ್ಣನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಗೋಡೆಯ ಅಕ್ಷರಗಳ ಮುಂದೆ ನಿಲ್ಲುವವರು ಕಡಿಮೆ. ನಿಲ್ಲಿಸಿ ತೋರಿಸುವ ಮೇಷ್ಟರಿದ್ದರೆ ಅದೊಂದು ಒಳ್ಳೆಯ ಪಾಠವಾದೀತು.

ಹಾಗೆಂದು ಇದು ಕನ್ನಡದ್ದು ಮಾತ್ರವಾದ ಸೀಮೆಯೂ ಅಲ್ಲ. ಮಡಕಶಿರ, ರೊಳ್ಳ, ಅಗಳಿ, ಅಮರಾಪುರದ ಕಡೆ ಕನ್ನಡ ಹೆಚ್ಚು, ಹಿಂದೂಪುರದ ಕಡೆ ತೆಲುಗು ಹೆಚ್ಚು, ಕಲ್ಯಾಣದುರ್ಗದ ಕುಂದುರ್ಪಿ, ಕಂಬದೂರುಗಳಲ್ಲಿ ಎರಡೂ ಬೆರೆತಿವೆ. ಗಡಿಯ ಈಚೆ ಪಾವಗಡ, ಬಾಗೇಪಲ್ಲಿಗಳಲ್ಲಿ ಮನೆಮಾತು ತೆಲುಗಾಗಿ ಶಾಲೆ ಕನ್ನಡವಾಗಿರುವ ಮಕ್ಕಳು ಎಷ್ಟೋ ಮಂದಿ. ಲಿಪಿಗಳೆರಡೂ ಅಕ್ಕತಂಗಿಯರು, ಒಂದನ್ನು ಕಲಿತ ಮಗು ಇನ್ನೊಂದರ ಬಸ್ಸಿನ ಬೋರ್ಡನ್ನು ತಡವರಿಸುತ್ತಲಾದರೂ ಓದಿಬಿಡುತ್ತದೆ. ಕಲ್ಯಾಣದುರ್ಗ ಸೀಮೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು, ಸಂಗೀತದ ಬಗ್ಗೆ ಕನ್ನಡದಲ್ಲಿಯೂ ಬರೆದರು. ಎರಡು ಭಾಷೆಗಳಲ್ಲಿ ಬದುಕುವುದು ಇಲ್ಲಿ ಪಾಂಡಿತ್ಯದ ಗುರುತಲ್ಲ, ಸಂತೆಗೆ ಹೋಗಿಬರುವವರೆಲ್ಲರ ರೂಢಿ. ಪ್ರಶ್ನೆ ಹುಟ್ಟುವುದು ಶಾಲೆಯ ರಿಜಿಸ್ಟರಿನಲ್ಲಿ, ಏಕೆಂದರೆ ಅಲ್ಲಿ ಒಂದೇ ಮಾಧ್ಯಮವನ್ನು ಬರೆಯಬೇಕು.

ಬಳ್ಳಾರಿ ಜಿಲ್ಲೆಯಿಂದ ಆಂಧ್ರ ರಾಜ್ಯದವರೆಗೆ

1800ರಲ್ಲಿ ನಿಜಾಮನು ಈ ಪ್ರದೇಶವನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇದು ದತ್ತ ಮಂಡಲಗಳ ಭಾಗವಾಗಿ, ಮುಂದೆ ಬಳ್ಳಾರಿ ಜಿಲ್ಲೆಗೆ ಸೇರಿತು. 1882ರಲ್ಲಿ ಬಳ್ಳಾರಿಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದರು. ಹಿಂದೂಪುರ, ಮಡಕಶಿರ, ಪೆನುಕೊಂಡೆಗಳು ಹೊಸ ಜಿಲ್ಲೆಗೆ ಹೋದವು. ಅಂದರೆ ಭಾಷಾವಾರು ರಾಜ್ಯದ ಮಾತು ಇನ್ನೂ ಹುಟ್ಟದ ಕಾಲದಲ್ಲಿಯೇ ಈ ತಾಲ್ಲೂಕುಗಳ ಕನ್ನಡಿಗರು ತೆಲುಗು ಬಹುಸಂಖ್ಯೆಯ ಜಿಲ್ಲೆಯೊಂದರ ಭಾಗವಾಗಿದ್ದರು. ಇದನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಹೈಸ್ಕೂಲು ಆಗ ದೂರದ ಮಾತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ 1846ರಲ್ಲಿ ಆರಂಭಿಸಿದ, ವಾರ್ಡ್‌ಲಾ ಹೆಸರಿನಿಂದ ಪ್ರಸಿದ್ಧವಾದ ಶಾಲೆ ಈ ಸೀಮೆಯ ಹಳೆಯ ಹೈಸ್ಕೂಲುಗಳಲ್ಲೊಂದು. 1884ರ ಸ್ಥಳೀಯ ಮಂಡಳಿಗಳ ಕಾನೂನಿನ ನಂತರ ಜಿಲ್ಲಾ ಬೋರ್ಡುಗಳು ಶಾಲೆಗಳ ಭಾರ ಹೊತ್ತವು. ‘ಬೋರ್ಡ್ ಹೈಸ್ಕೂಲು’ ಎಂಬ ಮಾತು ಹಳಬರ ಬಾಯಲ್ಲಿ ಇಂದಿಗೂ ಉಳಿದಿದೆ. ಮೇಲಿನ ತರಗತಿಗಳ ಪಾಠ ಬಹುಕಾಲ ಇಂಗ್ಲಿಷಿನಲ್ಲಿಯೇ ನಡೆಯಿತು. ಆದ್ದರಿಂದ ಹೈಸ್ಕೂಲಿನ ಮಾಧ್ಯಮ ಕನ್ನಡವೋ ತೆಲುಗೋ ಎಂಬ ಜಗಳಕ್ಕೆ ಆಗ ಹೆಚ್ಚು ಅವಕಾಶವಿರಲಿಲ್ಲ. ದೇಶಭಾಷೆ ಪ್ರೌಢ ತರಗತಿಯ ಮಾಧ್ಯಮವಾದ ಮೇಲಷ್ಟೇ ಆ ಪ್ರಶ್ನೆಗೆ ಅರ್ಥ ಬಂದದ್ದು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾಯಿತು. ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ, ಉಳಿದವು ಮೈಸೂರಿಗೆ ಹೋದವು. ವಿವಾದವೆದ್ದಿದ್ದ ಬಳ್ಳಾರಿ ತಾಲ್ಲೂಕನ್ನು ನ್ಯಾಯಮೂರ್ತಿ ಮಿಶ್ರರ ವರದಿಯ ನಂತರ ಮೈಸೂರಿಗೆ ಕೊಡಲಾಯಿತು. ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಸೇರಿಸಿದರು. ಡಿ. ಹಿರೇಹಾಳು, ಬೊಮ್ಮನಹಾಳು, ಕಣೇಕಲ್ಲಿನ ಮಕ್ಕಳು ಅದೇ ಬೆಂಚಿನ ಮೇಲೆ ಕುಳಿತಿದ್ದಂತೆಯೇ ಅಲ್ಪಸಂಖ್ಯಾತರಾದರು.

ಮಡಕಶಿರ, ಹಿಂದೂಪುರ, ಕಲ್ಯಾಣದುರ್ಗದವರ ಸ್ಥಿತಿ ಬೇರೆ. ಅವರು ಮೊದಲಿನಿಂದಲೂ ಅನಂತಪುರದವರೇ ಆದ್ದರಿಂದ ‘ಕಳೆದುಕೊಂಡ ತಾಲ್ಲೂಕು’ ಎಂಬ ಪಟ್ಟಿಯಲ್ಲಿ ಅವರ ಹೆಸರು ಗಟ್ಟಿಯಾಗಿ ಕೇಳಿಬರಲಿಲ್ಲ. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಪರಿಶೀಲಿಸಿದ್ದು ಮೈಸೂರು, ಮಹಾರಾಷ್ಟ್ರ, ಕೇರಳಗಳ ನಡುವಣ ಗಡಿಯನ್ನು ಮಾತ್ರ. ಕಾಸರಗೋಡು, ಅಕ್ಕಲಕೋಟೆ, ಜತ್ತ ಎಂಬ ಹೆಸರುಗಳು ಕರ್ನಾಟಕದ ಪ್ರತಿ ಮನೆಗೂ ತಿಳಿದವು. ರೊಳ್ಳ, ಅಗಳಿಗಳ ಹೆಸರು ತಿಳಿಯಲಿಲ್ಲ. ಇದು ಬರಿಯ ಅಭಿಮಾನದ ಮಾತಲ್ಲ. ಇದರ ಪರಿಣಾಮ ಇಂದು ಸಿಇಟಿ ಬರೆಯುವ ಮಕ್ಕಳ ಅರ್ಜಿಯ ಮೇಲೆ ಬೀಳುತ್ತಿರುವುದನ್ನು ಮುಂದೆ ಹೇಳಲಾಗಿದೆ.

60 ಮತ್ತು 15

1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ, 350ಬಿ ವಿಧಿಗಳು ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ, ರಾಜ್ಯದೊಳಗಿನ ಪ್ರತಿ ಸ್ಥಳೀಯ ಸಂಸ್ಥೆಯೂ ಯತ್ನಿಸಬೇಕೆಂದು ಮೊದಲನೆಯದು ಹೇಳುತ್ತದೆ. ಎರಡನೆಯದು ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆಯನ್ನು ಸೃಷ್ಟಿಸಿತು. 1957ರಿಂದ ಅದು ಇದೆ. ಪ್ರೌಢಶಾಲೆಯ ಬಗ್ಗೆ ವಿಧಿ ಮೌನವಾಗಿದೆ.

ಆ ಮೌನವನ್ನು ತುಂಬಿದ್ದು ಒಪ್ಪಂದಗಳು. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಪ್ರಾಥಮಿಕ ಶಾಲೆಗೆ ‘ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10’ ಎಂಬ ಲೆಕ್ಕವನ್ನೂ, ಪ್ರೌಢಶಾಲೆಗೆ ಒಟ್ಟು ಮಕ್ಕಳಲ್ಲಿ ಮೂರನೆಯ ಒಂದು ಭಾಗ ಕೇಳಿಕೊಂಡರೆ ಎಂಬ ಲೆಕ್ಕವನ್ನೂ ಇಟ್ಟಿತು. ಮೂರನೆಯ ಒಂದು ಎಂಬುದು ದೊಡ್ಡ ತೆಲುಗು ಶಾಲೆಯೊಳಗಿನ ಕನ್ನಡ ಮಕ್ಕಳಿಗೆ ಎಟುಕುವ ಮಾತಲ್ಲ. ದಕ್ಷಿಣ ವಲಯ ಪರಿಷತ್ತು 1959ರಲ್ಲಿ ಇದನ್ನು ಸಡಿಲಿಸಿತು: ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು 60 ಮಕ್ಕಳು, ಪ್ರತಿ ತರಗತಿಯಲ್ಲಿ 15 ಮಕ್ಕಳು ಇದ್ದರೆ ಅವರ ಭಾಷೆಯಲ್ಲಿ ಪಾಠ ಏರ್ಪಡಿಸಬೇಕು, ಹೊಸದಾಗಿ ತೆರೆದ ವಿಭಾಗಕ್ಕೆ ಮೊದಲ ನಾಲ್ಕು ವರ್ಷ ತರಗತಿಗೆ 15 ಮಂದಿಯಿದ್ದರೆ ಸಾಕು. ಇದರ ಜೊತೆಗೆ ಇನ್ನೆರಡು ಏರ್ಪಾಡುಗಳಿಗೂ ಒಪ್ಪಿಗೆಯಾಯಿತು. ಒಂದು, ಶಾಲೆ ತೆರೆಯುವ ಮೂರು ತಿಂಗಳು ಮೊದಲೇ ಅಲ್ಪಸಂಖ್ಯಾತ ಭಾಷೆಯ ಮಕ್ಕಳ ಹೆಸರನ್ನು ಮುಂಗಡವಾಗಿ ನೋಂದಾಯಿಸಿಕೊಳ್ಳುವುದು. ಇನ್ನೊಂದು, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ನೆರೆಯ ಶಾಲೆಗಳ ಮಕ್ಕಳನ್ನು ಒಂದೆಡೆ ಕೂಡಿಸುವುದು. 1956ರ ನವೆಂಬರ್ 1ರಂದು ಇದ್ದ ಸೌಲಭ್ಯಗಳನ್ನು ಕಡಿಮೆ ಮಾಡಬಾರದೆಂಬ ಮಾತೂ ಈ ರಕ್ಷಣೆಗಳ ಭಾಗವೇ.

ಕಾನೂನಿನ ಬಲವಿಲ್ಲದ ಒಪ್ಪಂದಗಳೆಂದು ಇವನ್ನು ಹಗುರವಾಗಿ ಕಾಣುವವರಿದ್ದಾರೆ. ಆದರೆ ಜಿಲ್ಲಾ ಶಿಕ್ಷಣಾಧಿಕಾರಿಯ ಮುಂದೆ ಮನವಿ ಇಡುವವನಿಗೆ ‘ನಮಗೆ ಕನ್ನಡ ಬೇಕು’ ಎನ್ನುವುದಕ್ಕಿಂತ ‘ನಮ್ಮಲ್ಲಿ ತರಗತಿಗೆ 15 ಮಂದಿ ಇದ್ದಾರೆ, ಪಟ್ಟಿ ಇಲ್ಲಿದೆ’ ಎನ್ನುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಮುಂಗಡ ನೋಂದಣಿ ಎಂಬುದೊಂದಿದೆ ಎಂದೇ ಹೆಚ್ಚಿನ ಪೋಷಕರಿಗೆ ಯಾರೂ ಹೇಳುವುದಿಲ್ಲ.

ಅದೇ 1959ರ ನವೆಂಬರಿನಲ್ಲಿ ಆಂಧ್ರದಲ್ಲಿ ಪಂಚಾಯತಿ ಸಮಿತಿಗಳೂ ಜಿಲ್ಲಾ ಪರಿಷತ್ತುಗಳೂ ಬಂದವು. ಬೋರ್ಡ್ ಹೈಸ್ಕೂಲುಗಳು ಜಿಲ್ಲಾ ಪರಿಷತ್ ಹೈಸ್ಕೂಲುಗಳಾದವು. 1985ರಲ್ಲಿ ತಾಲ್ಲೂಕುಗಳನ್ನು ಒಡೆದು ಮಂಡಲಗಳನ್ನು ಮಾಡಿದಾಗ ಲೇಪಾಕ್ಷಿ, ರೊಳ್ಳ, ಅಗಳಿ, ಗುಡಿಬಂಡೆಗಳು ತಾವೇ ಕೇಂದ್ರಗಳಾದವು. ಆ ಕಾಲದ ಮುಖ್ಯಮಂತ್ರಿ ಎನ್.ಟಿ. ರಾಮರಾವ್ 1985ರಿಂದ ಹಿಂದೂಪುರದ ಶಾಸಕರೂ ಆಗಿದ್ದರು. ತಾಲ್ಲೂಕಿನ ಊರಿಗೆ ನಡೆದುಹೋಗಬೇಕಾಗಿದ್ದ ಕಚೇರಿಯ ಕೆಲಸ ಹತ್ತಿರವಾಯಿತು. ಕನ್ನಡ ಮಕ್ಕಳ ಎಣಿಕೆ ಮಾತ್ರ ಇದರಿಂದ ಸಣ್ಣ ಸಣ್ಣ ಘಟಕಗಳಲ್ಲಿ ಹಂಚಿಹೋಯಿತು.

ಮಕ್ಕಳನ್ನು ಸೆಳೆದ ಬೇರೆ ಶಾಲೆಗಳು

ಹಿಂದೂಪುರದ ಬಳಿಯ ಕೊಡಿಗೇನಹಳ್ಳಿಯಲ್ಲಿ 1972ರಲ್ಲಿ ಆಂಧ್ರಪ್ರದೇಶ ಸರ್ಕಾರ ವಸತಿ ಶಾಲೆಯೊಂದನ್ನು ತೆರೆಯಿತು. ಹಿಂದಿನ ವರ್ಷ ಸರ್ವೇಲಿನಲ್ಲಿ ಆರಂಭವಾದ ಪ್ರಯೋಗದ ಮುಂದುವರಿಕೆ ಅದು. ತಾಡಿಕೊಂಡ ಕರಾವಳಿ ಆಂಧ್ರಕ್ಕೆ, ಕೊಡಿಗೇನಹಳ್ಳಿ ರಾಯಲಸೀಮೆಗೆ. ಹಳ್ಳಿಯ ಬಡ ಮಕ್ಕಳನ್ನು ಪ್ರವೇಶ ಪರೀಕ್ಷೆಯ ಮೂಲಕ ಆರಿಸಿ ಉಚಿತವಾಗಿ ಓದಿಸಿದ ಈ ಶಾಲೆಯಿಂದ ಅಧಿಕಾರಿಗಳೂ ವೈದ್ಯರೂ ಎಂಜಿನಿಯರುಗಳೂ ಬಹಳ ಮಂದಿ ಹೊರಬಂದಿದ್ದಾರೆ. ಊರಿನ ಹೆಸರಿನಲ್ಲಿ ‘ಹಳ್ಳಿ’ ಇದ್ದರೂ ಶಾಲೆ ಕನ್ನಡದ್ದಲ್ಲ. ಲೇಪಾಕ್ಷಿಯಲ್ಲಿ ಜವಾಹರ ನವೋದಯ ವಿದ್ಯಾಲಯವೂ ಬಂತು. ಅದು ಆರನೆಯ ತರಗತಿಗೆ ಮಕ್ಕಳನ್ನು ಆರಿಸಿಕೊಳ್ಳುತ್ತದೆ, ಮೇಲಿನ ತರಗತಿಗಳಲ್ಲಿ ಇಂಗ್ಲಿಷ್ ಮತ್ತು ಹಿಂದಿ ಮಾಧ್ಯಮ.

ಇವು ಒಳ್ಳೆಯ ಶಾಲೆಗಳು; ತಮ್ಮ ಮಗುವಿಗೆ ಅಲ್ಲಿ ಸೀಟು ಸಿಕ್ಕಿದರೆ ಬೇಡವೆನ್ನುವ ಮನೆಯಿಲ್ಲ, ಬೇಡವೆನ್ನಬೇಕಾಗಿಯೂ ಇಲ್ಲ. ಆದರೆ ಲೆಕ್ಕ ನೋಡಿ. ಒಂದು ಊರಿನಲ್ಲಿ 20 ಮಕ್ಕಳು ಕನ್ನಡದಲ್ಲಿ ಐದನೆಯ ತರಗತಿ ಮುಗಿಸಿದರೆಂದು ಇಟ್ಟುಕೊಳ್ಳೋಣ. ಇಬ್ಬರು ನವೋದಯಕ್ಕೆ, ಇಬ್ಬರು ವಸತಿ ಶಾಲೆಗೆ ಹೋದರು; ಮೂವರು ಖಾಸಗಿ ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿದರು. ಉಳಿದವರು 13. ನಿಯಮ ಕೇಳುವುದು 15. ಮನೆಯ ಕೆಲಸಕ್ಕೆ ನೆರವಾಗುತ್ತ, ಹತ್ತಿರದ ಶಾಲೆ ಬಿಟ್ಟರೆ ಗತಿಯಿಲ್ಲದೆ ಉಳಿದ ಆ 13 ಮಕ್ಕಳು ಆಗ ತೆಲುಗು ವಿಭಾಗದಲ್ಲಿ ಕುಳಿತು ವಿಜ್ಞಾನ, ಗಣಿತಗಳನ್ನು ಹೊಸ ಪರಿಭಾಷೆಯಲ್ಲಿ ಮೊದಲಿನಿಂದ ಕಲಿಯಬೇಕು. ಇಬ್ಬರ ಕೊರತೆಯಿಂದ ಹದಿಮೂರು ಮಂದಿಗೆ ಆಗುವ ನಷ್ಟವಿದು.

ಶಿಕ್ಷಕರ ವಿಷಯದಲ್ಲಿಯೂ ಎಣಿಕೆಯೇ. ಡಿಎಸ್‌ಸಿ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದ ಹುದ್ದೆಗಳನ್ನು ಪ್ರತ್ಯೇಕವಾಗಿ ತೋರಿಸುತ್ತಾರೆ. ಅಭ್ಯರ್ಥಿಯು ಸ್ಥಳೀಯನಾಗಿರಬೇಕು, ಮೀಸಲಾತಿಯ ಸರದಿಗೆ ಹೊಂದಬೇಕು, ಕನ್ನಡದಲ್ಲಿ ಓದಿ ತರಬೇತಿ ಪಡೆದಿರಬೇಕು. ಮೂರೂ ಕೂಡಿದವರು ಸಿಗದಿದ್ದರೆ ಹುದ್ದೆ ಖಾಲಿ. ಖಾಲಿ ಹುದ್ದೆಯ ವಿಭಾಗಕ್ಕೆ ಮರುವರ್ಷ ಮಕ್ಕಳು ಕಡಿಮೆ. ಇಂದು ಕನ್ನಡದಲ್ಲಿ ಹತ್ತನೆಯ ತರಗತಿ ಮುಗಿಸುವ ಮಕ್ಕಳಲ್ಲಿಯೇ ಮುಂದಿನ ಕನ್ನಡ ಶಿಕ್ಷಕರು ಇದ್ದಾರೆ ಎಂಬುದು ಈ ಸುತ್ತಿನ ಇನ್ನೊಂದು ಮಗ್ಗುಲು.

ಗಡಿ ದಾಟಿ ಓದುವ ಪ್ರಶ್ನೆ

ಕನ್ನಡ ವಿಭಾಗ ದುರ್ಬಲವಾದ ಊರುಗಳಲ್ಲಿ ಪೋಷಕರಿಗೆ ಸಹಜವಾಗಿ ಹೊಳೆಯುವ ದಾರಿ ಗೌರಿಬಿದನೂರು, ಮಧುಗಿರಿ, ಪಾವಗಡ, ಶಿರಾ, ಚಳ್ಳಕೆರೆಗಳದು. ಬಸ್ಸು ಇದೆ, ನೆಂಟರಿದ್ದಾರೆ, ಶಾಲೆ ಪೂರ್ತಿ ಕನ್ನಡದ್ದು. ಆದರೆ ಪ್ರೌಢಶಾಲೆಯ ವರ್ಷಗಳನ್ನು ಎಲ್ಲಿ ಕಳೆದರು ಎಂಬುದೇ ಮಗು ಯಾವ ರಾಜ್ಯದ್ದು ಎಂಬುದನ್ನು ಸರ್ಕಾರದ ಕಣ್ಣಿನಲ್ಲಿ ತೀರ್ಮಾನಿಸುತ್ತದೆ.

ಆಂಧ್ರದಲ್ಲಿ ಸಂವಿಧಾನದ 371ಡಿ ವಿಧಿಯಡಿ ಹೊರಟ 1974 ಮತ್ತು 1975ರ ರಾಷ್ಟ್ರಪತಿ ಆದೇಶಗಳು ಕಾಲೇಜು ಪ್ರವೇಶಕ್ಕೂ ಉದ್ಯೋಗಕ್ಕೂ ‘ಸ್ಥಳೀಯ ಅಭ್ಯರ್ಥಿ’ ಎಂಬ ಕಲ್ಪನೆಯನ್ನು ತಂದವು. ಅರ್ಹತಾ ಪರೀಕ್ಷೆಯ ವರ್ಷಕ್ಕೆ ಮುಗಿಯುವಂತೆ ಸತತ ನಾಲ್ಕು ವರ್ಷ ಆ ಪ್ರದೇಶದಲ್ಲಿ ಓದಿರುವುದು ಅದರ ಮುಖ್ಯ ಅಳತೆ. ನೇಮಕಾತಿಯಲ್ಲಿ 4ರಿಂದ 10ನೆಯ ತರಗತಿಯವರೆಗಿನ ಸ್ಟಡಿ ಸರ್ಟಿಫಿಕೇಟುಗಳನ್ನು ಕೇಳುವುದು ಇದಕ್ಕಾಗಿ. ಕರ್ನಾಟಕದ ಸಿಇಟಿಯ ಸಾಮಾನ್ಯ ನಿಯಮ ಕೇಳುವುದು ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷದ ಓದು.

ಎಂಟನೆಯ ತರಗತಿಗೆ ಗಡಿ ದಾಟಿದ ಮಗು ಪಿಯುಸಿ ಮುಗಿಸುವ ಹೊತ್ತಿಗೆ ಕರ್ನಾಟಕದಲ್ಲಿ ಐದೇ ವರ್ಷ ಓದಿರುತ್ತದೆ. ಅಲ್ಲಿ ಏಳು ವರ್ಷದ ಷರತ್ತಿಗೆ ಸಾಲದು. ಇಲ್ಲಿ ಸ್ಥಳೀಯತೆ ಹೋಗಿರುತ್ತದೆ. ದಾಟಲೇಬೇಕೆಂದಿದ್ದರೆ ಆರನೆಯ ತರಗತಿಗೇ ದಾಟಬೇಕು, ಆಗ ಏಳು ವರ್ಷ ಸರಿಹೊಂದುತ್ತದೆ. ಇಲ್ಲವೇ ಹತ್ತನೆಯ ತರಗತಿಯನ್ನೂ ಇಂಟರ್‌ಮೀಡಿಯೆಟನ್ನೂ ಆಂಧ್ರದಲ್ಲಿಯೇ ಮುಗಿಸಬೇಕು. ನಡುವೆ ದಾಟಿದವರು ಎರಡೂ ಕಡೆ ಹೊರಗಿನವರಾಗುವ ಸಂಭವ ಹೆಚ್ಚು. ನಿವಾಸ ಮತ್ತು ತಂದೆತಾಯಿಯರ ಉದ್ಯೋಗದ ಆಧಾರದ ಮೇಲೆ ಕೆಲವು ವಿನಾಯಿತಿಗಳು ಎರಡೂ ರಾಜ್ಯಗಳಲ್ಲಿವೆ. ಅವು ಆಗಾಗ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಕೈಪಿಡಿಯನ್ನು ನೋಡಿಯೇ ನಿರ್ಧರಿಸುವುದು ಕ್ಷೇಮ.

ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡು ಕನ್ನಡಿಗರಿಗೂ ಹೊರನಾಡು ಕನ್ನಡಿಗರಿಗೂ ಬೇರೆ ಬೇರೆ ಕಲಮುಗಳಿವೆ. ಗಡಿನಾಡಿನ ಪಟ್ಟಿಯಲ್ಲಿ ಬಂದಿರುವುದು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳು ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರಗಳು. ಮಹಾಜನ ಆಯೋಗ ನೋಡಿದ ಗಡಿಗಳೇ ಇವು. ಮಡಕಶಿರ, ರಾಯದುರ್ಗಗಳು ಅದರಲ್ಲಿಲ್ಲ. ಆಂಧ್ರದ ಕನ್ನಡ ಮಕ್ಕಳು ಹೊರನಾಡು ಕಲಮಿನಡಿ ಅರ್ಜಿ ಹಾಕಬೇಕು, ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಆ ಪರೀಕ್ಷೆ ಸುಲಭದ್ದೇ. ಪ್ರೌಢಶಾಲೆಯವರೆಗೆ ಕನ್ನಡ ಓದಿದವರಿಗೆ ಕಷ್ಟವಿಲ್ಲ. ಪಟ್ಟಿಯನ್ನು ವಿಸ್ತರಿಸಬೇಕೆಂಬ ಬೇಡಿಕೆ ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ.

2019ರ ನಂತರ

2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ 81ನೆಯ ಸಂಖ್ಯೆಯ ಆದೇಶದ ಮೂಲಕ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸಲು ಹೊರಟಿತು. ತೆಲುಗು ಅಥವಾ ಉರ್ದುವನ್ನು ಕಡ್ಡಾಯ ವಿಷಯವಾಗಿ ಉಳಿಸಿಕೊಳ್ಳುವ ಮಾತು ಅದರಲ್ಲಿತ್ತು. ಕೆಲವೇ ದಿನಗಳಲ್ಲಿ ಬಂದ ತಿದ್ದುಪಡಿ ಆದೇಶ ಇದನ್ನು ಮೊದಲ ಆರು ತರಗತಿಗಳಿಗೆ ಸೀಮಿತಗೊಳಿಸಿತು. 2020ರ ಏಪ್ರಿಲ್ 15ರಂದು ಹೈಕೋರ್ಟು ಎರಡೂ ಆದೇಶಗಳನ್ನು ರದ್ದುಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2022ರಲ್ಲಿ 117ನೆಯ ಆದೇಶ 3ರಿಂದ 5ರವರೆಗಿನ ತರಗತಿಗಳನ್ನು ಹತ್ತಿರದ ಹೈಸ್ಕೂಲುಗಳಿಗೆ ಸೇರಿಸುವ ಪದ್ಧತಿ ತಂದಿತು, 2025ರಲ್ಲಿ ಹೊಸ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ದೊಡ್ಡ ಮಾಧ್ಯಮಗಳಿಗೆ ಇಂಥ ಅಲೆಗಳು ಬಂದು ಹೋಗುತ್ತವೆ. 15ರ ಅಂಚಿನಲ್ಲಿರುವ ವಿಭಾಗಕ್ಕೆ ಒಂದು ವರ್ಷದ ಗೊಂದಲವೇ ಸಾಕು.

ಮಾಧ್ಯಮವನ್ನು ಆರಿಸುವ ಸ್ವಾತಂತ್ರ್ಯ ಯಾರದು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ಉತ್ತರ ಕೊಟ್ಟಿದೆ. ಆ ಮೊಕದ್ದಮೆಯಲ್ಲಿ ಕರ್ನಾಟಕ ಸರ್ಕಾರ ಸೋತಿತು; ಪ್ರಾಥಮಿಕ ಹಂತದ ಆಯ್ಕೆ ಮಗುವಿನದು, ಮಗುವಿನ ಪರವಾಗಿ ಪೋಷಕರದು ಎಂದು ಪೀಠ ಹೇಳಿತು. ಕರ್ನಾಟಕದಲ್ಲಿ ಕನ್ನಡಕ್ಕೆ ಹಿನ್ನಡೆಯೆಂದು ದುಃಖಿಸಿದ ತೀರ್ಪು ಗಡಿಯ ಈ ಕಡೆಯ ಕನ್ನಡಿಗನ ಕೈಗೆ ಒಂದು ಆಧಾರವನ್ನು ಕೊಟ್ಟಿದೆ.

ಊರುಗಳೂ ಮೊದಲಿನಂತಿಲ್ಲ. ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯ ಜೊತೆಗೆ ಬೆಂಗಳೂರಿನ ಕೂಲಿ, ಸಿದ್ಧ ಉಡುಪಿನ ಕೆಲಸ, 2019ರಿಂದ ಪೆನುಕೊಂಡೆಯ ಬಳಿ ಕಾರು ತಯಾರಿಸುತ್ತಿರುವ ಕಿಯಾ ಕಾರ್ಖಾನೆ ಸೇರಿವೆ. ಮಳೆ ಕೈಕೊಟ್ಟ ವರ್ಷ ತಂದೆತಾಯಿಯರು ಬೆಂಗಳೂರಿಗೆ ಹೋದರೆ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೇ ಟಿ.ಸಿ. ತೆಗೆಸಿಕೊಂಡು ಜೊತೆಗೆ ಹೋಗುತ್ತಾರೆ. ಇಂಗ್ಲಿಷ್ ಬೇಕೆನ್ನುವ ಪೋಷಕರ ಆಸೆಯನ್ನು ಹೀಗಳೆಯಲಾಗದು. ಕಾರ್ಖಾನೆಯ ಗೇಟಿನಲ್ಲಿ ಅರ್ಜಿ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದ ಮಗುವೂ ಇಂಗ್ಲಿಷನ್ನು ಒಂದು ಭಾಷೆಯಾಗಿ ಹತ್ತನೆಯ ತರಗತಿಯವರೆಗೆ ಕಲಿಯುತ್ತದೆ, ತೆಲುಗನ್ನೂ ಕಲಿಯುತ್ತದೆ. ಅದನ್ನು ಚೆನ್ನಾಗಿ ಕಲಿಸುವ ಶಿಕ್ಷಕರನ್ನು ಕೇಳುವುದು ಮಾಧ್ಯಮವನ್ನೇ ಬಿಡುವುದಕ್ಕಿಂತ ಮೊದಲಿನ ಹೆಜ್ಜೆಯಾಗಬೇಕಿತ್ತು.

ಮಗುವನ್ನು ಕನ್ನಡ ಪ್ರೌಢಶಾಲೆಗೆ ಸೇರಿಸಬೇಕೆಂದಿರುವವರು ಶಾಲಾ ವರ್ಷ ಮುಗಿಯುವ ಮೊದಲೇ ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ದಿನಾಂಕದೊಂದಿಗೆ ಸ್ವೀಕೃತಿಯ ಸಹಿ ಪಡೆಯಬೇಕು. ಹತ್ತಿರದ ಎರಡು ಮೂರು ಊರುಗಳ ಮನೆಯವರು ಒಂದಾಗಿ ಪಟ್ಟಿ ಮಾಡಿ ಮಂಡಲ ಶಿಕ್ಷಣಾಧಿಕಾರಿಗೂ ಜಿಲ್ಲಾ ಶಿಕ್ಷಣಾಧಿಕಾರಿಗೂ ಕಳುಹಿಸಿದರೆ ಶಾಲೆಗಳ ನಡುವೆ ಮಕ್ಕಳನ್ನು ಕೂಡಿಸುವ ಏರ್ಪಾಡಿಗೆ ಆಧಾರ ಸಿಗುತ್ತದೆ. 2022ರ ಏಪ್ರಿಲ್ 4ರಿಂದ ಲೇಪಾಕ್ಷಿ, ಹಿಂದೂಪುರ, ಮಡಕಶಿರದವರ ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಕಲ್ಯಾಣದುರ್ಗ, ರಾಯದುರ್ಗದವರದು ಅನಂತಪುರವೇ. ಅಲ್ಲಿ ಉತ್ತರ ಬಾರದಿದ್ದರೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯಬಹುದು. ಅರ್ಜಿಯಲ್ಲಿ ಶಾಲೆಯ ಹೆಸರು, ತರಗತಿವಾರು ಕನ್ನಡ ಮಕ್ಕಳ ಸಂಖ್ಯೆ, ಖಾಲಿಯಿರುವ ಹುದ್ದೆಗಳು, ಮೊದಲು ಅರ್ಜಿ ಕೊಟ್ಟ ದಿನಾಂಕ ಇವಿಷ್ಟು ಇರಲಿ. ಮಗುವಿನ ಪ್ರತಿ ತರಗತಿಯ ಸ್ಟಡಿ ಸರ್ಟಿಫಿಕೇಟನ್ನು ಶಾಲೆ ಬಿಡುವಾಗಲೇ ಪಡೆದು ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ, ಅಷ್ಟರಲ್ಲಿ ವಿಲೀನಗೊಂಡ ಶಾಲೆಯ ರಿಜಿಸ್ಟರನ್ನು ಹುಡುಕಿಸುವುದು ಸುಲಭದ ಕೆಲಸವಲ್ಲ.